ಒಂದೇ ಸಲದ ಏರಿಕೆ

ಆ ವಾರ ನಮ್ಮ ದೂರದರ್ಶಕಕ್ಕೆ ಸುಳ್ಳು ಹೇಳುವ ರೋಗ ಹಿಡಿದಿತ್ತು. ಸೂರ್ಯನ ಮೇಲೆ ಏನೂ ನಡೆಯದಿದ್ದರೂ ‘ಸಿಡಿಯಿತು, ಸಿಡಿಯಿತು’ ಎಂದು ದಿನಕ್ಕೆ ಏಳೆಂಟು ಸಲ ಬೆಚ್ಚಿ ಏಳುತ್ತಿತ್ತು.

ಅದು ಒಂದೂವರೆ ಗಂಟೆಗೊಂದು ಸಲ ಭೂಮಿಯನ್ನು ಸುತ್ತುತ್ತಾ ಸೂರ್ಯನ ಕಡೆಗೇ ಮುಖ ಮಾಡಿಕೊಂಡಿರುವ ಯಂತ್ರ. ಸೂರ್ಯನ ಮೈಮೇಲೆ ಇದ್ದಕ್ಕಿದ್ದಂತೆ ಏಳುವ ಜ್ವಾಲೆಗಳ ಚಿತ್ರ ಹಿಡಿಯಲೆಂದೇ ಅದನ್ನು ಹಾರಿಸಿದ್ದು. ನಾನು ಅದಕ್ಕೆ ದಿನಚರಿ ಬರೆಯುವವಳು. ಬೆಳಿಗ್ಗೆ ಒಂಬತ್ತಕ್ಕೆ ಹಿಂದಿನ ದಿನದ ಚಿತ್ರಗಳನ್ನು ನೋಡುವುದು, ಸೂರ್ಯನ ಯಾವ ಕಲೆ ದಪ್ಪವಾಗುತ್ತಿದೆ, ಯಾವುದು ಅಂಚಿಗೆ ಸರಿಯುತ್ತಿದೆ ಎಂದು ಗುರುತು ಹಾಕುವುದು, ನಾಳೆ ಎತ್ತ ನೋಡಬೇಕು, ಎಷ್ಟು ಸೆಕೆಂಡಿಗೊಂದು ಚಿತ್ರ ತೆಗೆಯಬೇಕು ಎಂದು ಪಟ್ಟಿ ಮಾಡಿ ಮಧ್ಯಾಹ್ನ ಮೂರರೊಳಗೆ ಕಮಾಂಡ್ ಕಳಿಸುವ ಸಹೋದ್ಯೋಗಿಗೆ ದಾಟಿಸುವುದು. ಹೇಳಿಕೊಳ್ಳಲು ದೊಡ್ಡ ಕೆಲಸ, ಮಾಡಲು ಗುಮಾಸ್ತೆ ಕೆಲಸ. ಲ್ಯಾಪ್‌ಟಾಪು, ನೆಟ್‌ವರ್ಕು ಇದ್ದರೆ ಎಲ್ಲಿ ಕೂತಾದರೂ ಮಾಡಬಹುದು. ಆ ಎರಡು ವಾರ ಹುಣಸೂರಿನ ನಮ್ಮ ಮನೆ ಬಿಟ್ಟು ಕಟ್ಟೆಮಳಲವಾಡಿಗೆ ಬಂದು, ದೊಡ್ಡಪ್ಪನ ತಂಬಾಕು ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕೂತು ಮಾಡುತ್ತಿದ್ದೆ.

ದೊಡ್ಡಪ್ಪನ ಕಣ್ಣು ಹೋಗಿತ್ತು. ಅದು ನನಗೊಬ್ಬಳಿಗೇ ಗೊತ್ತು ಎಂದು ಅವರು ನಂಬಿದ್ದರು.

ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಕೋಲುಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಯ ಬಿಸಿಯನ್ನು ತಗಡಿನ ಕೊಳವೆಯಲ್ಲಿ ಒಳಗೆ ಹಾಯಿಸಿ ಹದ ಮಾಡುವ ಎತ್ತರದ ಕೋಣೆ. ಒಂದು ಸಲ ಬೆಂಕಿ ಇಟ್ಟರೆ ಐದಾರು ದಿನದ ಕಾವಲು. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಶಾಖ ಎಷ್ಟಿದೆ ಎಂದು ಒಳಗೆ ನೇತುಹಾಕಿದ ಥರ್ಮಾಮೀಟರು ಹೇಳುತ್ತದೆ. ಗೋಡೆಯ ಗಾಜಿನ ಕಿಂಡಿಯಿಂದ ಇಣುಕಿ ಅದನ್ನು ಓದಬೇಕು. ಯಾವಾಗ, ಎಷ್ಟು ಎತ್ತಬೇಕು ಎನ್ನುವುದನ್ನು ಮಾತ್ರ ಯಾವ ಥರ್ಮಾಮೀಟರೂ ಹೇಳುವುದಿಲ್ಲ. ಅದನ್ನು ನಮ್ಮೂರಲ್ಲಿ ಹೇಳುತ್ತಿದ್ದವರು ದೊಡ್ಡಪ್ಪ.

ಸುತ್ತಲಿನ ಹೊಲದವರು ತಮ್ಮ ಬ್ಯಾರನ್ನಿನಿಂದ ಒಂದೆಲೆ ಕಿತ್ತು, ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ದೊಡ್ಡಪ್ಪನ ಜಗಲಿಗೆ ಬರುತ್ತಿದ್ದರು. ದೊಡ್ಡಪ್ಪ ಎಲೆಯ ದಂಟನ್ನು ಉಗುರಿನಿಂದ ಒತ್ತಿ, ಕಿವಿಯ ಹತ್ತಿರ ತಂದು ಉಜ್ಜಿ, ಮೂಸಿ, “ಇನ್ನೊಂದ್ ಐದ್ ಎತ್ತು. ಆತ್ರ ಬೀಳ್ಬ್ಯಾಡ ಕಣ್ಲಾ” ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗಿಂದ ನೋಡಿದ ದೃಶ್ಯ ಇದು. ಕಣ್ಣು ಮಂಜಾಗುತ್ತಾ ಬಂದಾಗ ಅವರ ಸ್ವಂತ ಬ್ಯಾರನ್ನಿನ ಅಂಕಿಯನ್ನು ದೊಡ್ಡವ್ವ ಓದಿ ಹೇಳತೊಡಗಿದರು. ಕಳೆದ ಮಾಗಿಯಲ್ಲಿ ದೊಡ್ಡವ್ವ ತೀರಿಕೊಂಡರು. ಮಗಳನ್ನು ಕೊಟ್ಟಿದ್ದು ಕೆ.ಆರ್. ನಗರದ ಕಡೆ, ಅವಳಿಗೆ ಅದು ಭತ್ತದ ನಾಟಿಯ ಕಾಲ, ಕಾಲು ತೆಗೆಯುವ ಹಾಗಿರಲಿಲ್ಲ.

ಹಾಗಾಗಿ ದೊಡ್ಡಪ್ಪ ನನಗೆ ಫೋನು ಮಾಡಿದ್ದರು. “ಒಂದ್ ಹದಿನೈದ್ ದಿನ ಬಂದಿರು ಕೂಸೇ. ಇದೇ ಕಡೇ ಬ್ಯಾರನ್ನು. ಆಮ್ಯಾಕೆ ನಾನೇ ಕೈ ಮುಗ್ದು ಬುಟ್ಬುಡ್ತೀನಿ. ಎಸ್ರು ಕೆಡುಸ್ಕಳ್ದೆ ಬುಡ್ಬೇಕು ಕಣವ್ವ, ಅಷ್ಟೇಯ. ಕಣ್ಣಿಂದು ಯಾರ್ಗೂ ಅನ್ಬ್ಯಾಡ.”

ನಮ್ಮ ಒಪ್ಪಂದ ಸರಳವಾಗಿತ್ತು. ಕಾಲು ಗಂಟೆಗೊಮ್ಮೆ ನಾನು ಎದ್ದು ಕಿಂಡಿಯಲ್ಲಿ ಇಣುಕುವುದು. ಅವರು ಚಪ್ಪರದ ಕಂಬಕ್ಕೆ ಒರಗಿ “ಎಷ್ಟು ಕೂಸೇ?” ಎನ್ನುವುದು. ನಾನು ಅಂಕಿ ಹೇಳುವುದು. ಸೌದೆ ಎಳೆಯುವುದು, ಹಾಕುವುದು, ಗಾಳಿಕಿಂಡಿ ಮುಚ್ಚುವುದು ಎಲ್ಲ ಅವರದೇ ಕೈ. ಇರುಳಲ್ಲಿ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟು ಶಾಖದ ಅಂದಾಜಿನಲ್ಲೇ ನಡೆಸುತ್ತಿದ್ದರು.

“ಸೂರ್ಯನ್ನ ನೋಡಕ್ಕೆ ಸಂಬ್ಳ ಕೊಡ್ತಾರ ನಿಂಗೆ?” ಎಂದು ಮೊದಲ ದಿನವೇ ಕೇಳಿದರು.

“ಹೂಂ ದೊಡ್ಡಪ್ಪ.”

“ಆಹಾ! ನಾವು ಇಷ್ಟು ವರ್ಸದಿಂದ ಬಿಟ್ಟಿ ನೋಡ್ಕಂಡು ಬೆನ್ನು ಸುಡುಸ್ಕಂಡೊ. ಬುದ್ವಂತ್ರು ಕಣವ್ವ ನೀವು.”

ಎರಡನೇ ದಿನ ಪಕ್ಕದ ಹೊಲದ ಯಜಮಾನರು ಎಲೆ ಹಿಡಿದು ಬಂದರು. ಪ್ರತಿ ಹಂಗಾಮಿನಲ್ಲೂ ಮೊದಲು ಬರುವವರು ಅವರೇ. ದೊಡ್ಡಪ್ಪ ಎಲೆ ಉಜ್ಜಿ ಹದ ಹೇಳಿದ ಮೇಲೆ ಯಜಮಾನರು ನನ್ನ ಕಡೆ ತಿರುಗಿ, “ಕೂಸು ಬಂದದಲ್ಲ, ಒಳ್ಳೇದಾಯ್ತು ಬುಡಣ್ಣ” ಎಂದರು. ಉಪಚಾರದ ಮಾತು ಎಂದುಕೊಂಡೆ.

ಇನ್ನು ಆ ಸುಳ್ಳು ಹೇಳುವ ರೋಗ. ದೂರದರ್ಶಕದಲ್ಲಿ ಕ್ಷಕಿರಣ ಎಣಿಸುವ ಒಂದು ಪುಟ್ಟ ಉಪಕರಣವಿದೆ. ನಾಲ್ಕು ಸೆಕೆಂಡಿಗೊಮ್ಮೆ ಒಂದು ಅಂಕಿ ಕೊಡುತ್ತದೆ. ಆ ಅಂಕಿ ನಾವು ಇಟ್ಟ ಗೆರೆಯನ್ನು ದಾಟಿದರೆ ಜ್ವಾಲೆ ಎದ್ದಿದೆ ಎಂದು ಲೆಕ್ಕ. ತಕ್ಷಣ ಯಂತ್ರ ತಾನಾಗಿಯೇ ದಿನಚರಿ ಬಿಟ್ಟು ಪಟಪಟ ಚಿತ್ರ ತೆಗೆಯಲು ಶುರು ಮಾಡುತ್ತದೆ. ನೆಲದಿಂದ ಅಪ್ಪಣೆ ಕಾಯುವುದಿಲ್ಲ, ಅಷ್ಟರಲ್ಲಿ ಜ್ವಾಲೆ ಮುಗಿದಿರುತ್ತದೆ. ತೊಂದರೆ ಏನೆಂದರೆ, ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಹಾಯುವಾಗ ವಿದ್ಯುತ್ ಕಣಗಳು ಉಪಕರಣಕ್ಕೆ ಬಡಿದು ಅಂಕಿ ಸುಮ್ಮನೆ ಜಿಗಿಯುತ್ತದೆ. ಅಲ್ಲಿ ಹಾಯುವಷ್ಟು ಹೊತ್ತು ಅದರ ಮಾತು ನಂಬಬೇಡ ಎಂದು ಭೂಪಟದಲ್ಲಿ ಒಂದು ಬೇಲಿ ಹಾಕಿದ್ದೆವು. ಸೂರ್ಯ ಹುಚ್ಚೆದ್ದ ವರ್ಷ ಅದು, ಕಣಗಳು ಬೇಲಿಯಾಚೆಗೂ ಬಡಿಯತೊಡಗಿದವು. ಸುಳ್ಳು ಕರೆಗೆಲ್ಲ ಯಂತ್ರ ಎದ್ದು ಖಾಲಿ ಸೂರ್ಯನ ಚಿತ್ರ ತೆಗೆತೆಗೆದು ನೆನಪಿನ ಪೆಟ್ಟಿಗೆ ತುಂಬಿಸಿಕೊಳ್ಳುತ್ತಿತ್ತು. ನಿಜವಾದ ಜ್ವಾಲೆ ಬಂದಾಗ ಇಡಲು ಜಾಗವಿಲ್ಲ. ಮಂಗಳವಾರ ಹಾಗೆಯೇ ಒಂದು ಭಾರೀ ಜ್ವಾಲೆ ಕೈತಪ್ಪಿತು.

ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ನಕ್ಕರು. “ಎತ್ತು ಈಯ್ತು ಅಂದ್ರೆ ಕೊಟ್ಗೆಗೆ ಕಟ್ಟು ಅನ್ನೋ ಜಾತಿದಾ ನಿನ್ ಮಿಸಿನ್ನು?”

ಬುಧವಾರದ ವಿಡಿಯೋ ಸಭೆಯಲ್ಲಿ ಎರಡು ದಾರಿಗಳಿದ್ದವು. ಬೇಲಿಯನ್ನು ಅಗಲ ಮಾಡಬಹುದು, ಆಗ ಪ್ರತಿ ಸುತ್ತಿನಲ್ಲೂ ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡ ಹಾಗೆ. ಇಲ್ಲವೇ, ಒಂದೇ ಸಲ ಏರಿದ ಅಂಕಿಯನ್ನು ನಂಬದೆ, ಸಾಲಾಗಿ ಮೂರು ಸಲ ಏರಿದರೆ ಮಾತ್ರ ಎದ್ದೇಳು ಎಂದು ಯಂತ್ರಕ್ಕೆ ಹೇಳಬಹುದು. ಎರಡನೆಯದು ನನ್ನ ಸಲಹೆ. ಕಣದ ಏಟು ಒಂದು ಕ್ಷಣದ್ದು, ಜ್ವಾಲೆ ಏರಿದರೆ ಏರುತ್ತಲೇ ಹೋಗುತ್ತದೆ. ಮೂರು ಅಂಕಿಗೆ ಕಾದರೆ ಹೋಗುವುದು ಹನ್ನೆರಡು ಸೆಕೆಂಡು ಮಾತ್ರ. ನಮ್ಮ ಮುಖ್ಯಸ್ಥೆ, “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಸರಿ, ಪರೀಕ್ಷೆ ಮಾಡಿ” ಎಂದರು.

ಗುರುವಾರವೆಲ್ಲ ಪರೀಕ್ಷೆ. ಹಳೆಯ ಮೂರು ತಿಂಗಳ ಅಂಕಿಗಳನ್ನು ಹೊಸ ನಿಯಮಕ್ಕೆ ಉಣಿಸಿ ನೋಡಿದೆ. ಸುಳ್ಳು ಕರೆಗಳೆಲ್ಲ ಜರಡಿಯಲ್ಲಿ ಉದುರಿಹೋದವು, ನಿಜದ ಜ್ವಾಲೆ ಒಂದೂ ಜಾರಲಿಲ್ಲ. ನೆಟ್‌ವರ್ಕು ಎರಡು ಸಲ ಹೋಯಿತು. ಕರೆಂಟು ಹೋದಾಗ ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಊರಿನ ಅಂಗಡಿಯ ಇನ್ವರ್ಟರಿಗೆ ಓಡಿದೆ. ಕಾಲು ಗಂಟೆಯ ಓದನ್ನು ಮಾತ್ರ ತಪ್ಪಿಸಲಿಲ್ಲ. ಬ್ಯಾರನ್ನಿನಲ್ಲಿ ಎಲೆ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಗಾಜಿನಲ್ಲಿ ಇಣುಕಿ ಬಣ್ಣ ಹೇಗಿದೆ ಎಂದು ಹೇಳಿದರೆ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

“ನಿಮ್ ದೊಡ್ಡವ್ವ ಬರೀ ಲೆಕ್ಕ ಯೋಳ್ತಿದ್ಲು. ನೀನು ಬಣ್ಣನೂ ಯೋಳ್ತೀಯ” ಎಂದರು. ನನಗೆ ಹಿಗ್ಗಾಯಿತು.

ಶುಕ್ರವಾರ ಬೆಳಿಗ್ಗೆ ಹೊಸ ನಿಯಮ ಮೇಲಕ್ಕೆ ಹೋಯಿತು. ಕಮಾಂಡ್ ಹೋಗಿದ್ದು, ಯಂತ್ರ ಅದನ್ನು ಓದಿ ಮರಳಿ ಹೇಳಿದ್ದು, ನಾವು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ್ದು ಎಲ್ಲ ಸರಾಗ. ಇನ್ನು ಯಂತ್ರ ತನ್ನ ಅಂಕಿಗಳನ್ನು ನೆಲಕ್ಕೆ ಇಳಿಸುವ ಮಧ್ಯಾಹ್ನದ ಸಂಪರ್ಕಕ್ಕೆ ಕಾಯಬೇಕು. ಸುಳ್ಳು ಕರೆ ನಿಂತಿದೆಯೋ ಇಲ್ಲವೋ ಆಗ ತಿಳಿಯುತ್ತದೆ.

ಬ್ಯಾರನ್ನು ಆಗ ಕೊನೆಯ ಹಂತದಲ್ಲಿತ್ತು. ಎಲೆ ಹಪ್ಪಳದಂತೆ ಒಣಗಿ, ದಂಟು ಒಣಗುವುದು ಬಾಕಿ. ಫ್ಯಾರನ್‌ಹೀಟಿನ ಲೆಕ್ಕದಲ್ಲಿ ನೂರಾ ನಲವತ್ತಕ್ಕೆ ಶಾಖ ಹಿಡಿದು ನಿಲ್ಲಿಸಿದ್ದರು. ಇಡೀ ಹದದ ಕೆಲಸದಲ್ಲಿ ಹೆದರಬೇಕಾದ ಹೊತ್ತು ಇದೇ ಎಂದು ದೊಡ್ಡಪ್ಪ ಬೆಳಿಗ್ಗೆಯೇ ಹೇಳಿದ್ದರು. ಒಂದು ಒಣಗಿದೆಲೆ ಕೋಲಿನಿಂದ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೂ ಸಾಕು, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. “ಲೆಕ್ಕ ಒಸಿ ಜಿಗುದ್ರೂ ಯೋಳ್ಬುಡು ಕೂಸೇ. ನಾನು ಸೌದೆ ಎಳ್ದು, ಕಿಂಡಿ ಮುಚ್ಚಿ, ಒದ್ದೆ ಗೋಣಿ ಆಕ್ತೀನಿ. ಮೊದ್ಲೇ ಗೊತ್ತಾದ್ರೆ ಏನೂ ಆಗಕ್ಕಿಲ್ಲ.”

ಮಧ್ಯಾಹ್ನ ಎರಡೂವರೆಯ ಓದಿಗೆ ಎದ್ದೆ. ಲ್ಯಾಪ್‌ಟಾಪಿನಲ್ಲಿ ಸಂಪರ್ಕ ಆಗಷ್ಟೇ ಶುರುವಾಗಿತ್ತು, ಮೊದಲ ಸಾಲುಗಳು ಇಳಿಯುತ್ತಿದ್ದವು. ಓಡಿ ಹೋಗಿ ಕಿಂಡಿಯಲ್ಲಿ ಇಣುಕಿದೆ. ಪಾದರಸ ನೂರಾ ಐವತ್ತರ ಮೇಲಿತ್ತು.

ನಾನು ಅದನ್ನು ಕಂಡೆ. ಸ್ಪಷ್ಟವಾಗಿ ಕಂಡೆ. ಹದಿನೈದು ನಿಮಿಷದ ಹಿಂದೆ ನೂರಾ ನಲವತ್ತು ಇದ್ದದ್ದು ಹಾಗೆ ಜಿಗಿಯುವುದುಂಟೇ, ಗಾಜಿನ ಮೇಲಿನ ಬಿಸಿಲು ಇರಬೇಕು, ನಾನು ಓರೆಯಾಗಿ ನಿಂತು ನೋಡಿದ್ದಿರಬೇಕು ಎಂದುಕೊಂಡೆ. ಮೂರು ದಿನದಿಂದ ನನ್ನ ತಲೆಯಲ್ಲಿ ಬೇರೆ ಮಾತೇ ಇರಲಿಲ್ಲ: ಒಂದೇ ಸಲದ ಏರಿಕೆಯನ್ನು ನಂಬಬೇಡ. ಮುಂದಿನ ಓದಿನಲ್ಲೂ ಹೀಗೇ ಇದ್ದರೆ ಹೇಳಿದರಾಯಿತು.

“ಎಷ್ಟು ಕೂಸೇ?”

“ನೂರಾ ನಲವತ್ತೇ ದೊಡ್ಡಪ್ಪ.”

ಹೇಳಿ ಲ್ಯಾಪ್‌ಟಾಪಿಗೆ ಓಡಿದೆ. ಅಲ್ಲಿ ಮೂರು ಓದು ಎಂದರೆ ಹನ್ನೆರಡು ಸೆಕೆಂಡು, ಇಲ್ಲಿ ಮುಕ್ಕಾಲು ಗಂಟೆ. ಒಂದನೇ ತರಗತಿಯ ಲೆಕ್ಕ. ಸೂರ್ಯನ ಲೆಕ್ಕ ಹಾಕುವವಳಿಗೆ ಆ ಕ್ಷಣ ಅದು ಹೊಳೆಯಲಿಲ್ಲವಲ್ಲ, ನನ್ನ ಓದಿಗಿಷ್ಟು ಬೆಂಕಿ ಹಾಕ!

ಪರದೆಯ ಮೇಲೆ ಅಂಕಿಗಳು ಇಳಿದವು. ಬೆಳಗಿನಿಂದ ಒಂದೂ ಸುಳ್ಳು ಕರೆ ಇಲ್ಲ. ಅಷ್ಟೇ ಅಲ್ಲ, ಹನ್ನೊಂದರ ಸುಮಾರಿಗೆ ನಿಜವಾದ ಜ್ವಾಲೆಯೊಂದು ಎದ್ದು, ಯಂತ್ರ ಅದನ್ನು ಬುಡದಿಂದ ತುದಿಯವರೆಗೆ ಹಿಡಿದಿತ್ತು. ಕಮಾಂಡ್ ಕಳಿಸುವ ಸಹೋದ್ಯೋಗಿ ಚಪ್ಪಾಳೆಯ ಚಿತ್ರ ಕಳಿಸಿದ. ಮುಖ್ಯಸ್ಥೆ, “ಭೇಷ್ ಕಣ್ರೀ” ಎಂದು ಬರೆದರು. ನಾನು ಒಬ್ಬಳೇ ಚಪ್ಪರದಲ್ಲಿ ಕೂತು ನಗುತ್ತಿದ್ದೆ.

ದೊಡ್ಡಪ್ಪ ಎದ್ದು ನಿಂತರು. ಮೂಗು ಮೇಲೆತ್ತಿ, “ವಾಸ್ನೆ ಬ್ಯಾರೆ ಆಯ್ತು” ಎಂದರು. ಆಮೇಲೆ ಕೈ ಮುಂದೆ ಚಾಚಿಕೊಂಡು ಬ್ಯಾರನ್ನಿನ ಕಡೆ ಓಡಿದರು. ನಾನು ಅವರಿಗಿಂತ ಮೊದಲು ಬಾಗಿಲ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದೆ.

“ತೆಗೀಬ್ಯಾಡ! ಗಾಳಿ ಒಳಕ್ಕೋದ್ರೆ ಒಂದೇ ಸಲ ಅತ್ಕತದೆ!”

ಗಾಜಿನೊಳಗೆ ಕೆಂಪು ಆಡುತ್ತಿತ್ತು. ದೊಡ್ಡಪ್ಪ ಒಲೆಯಿಂದ ಸೌದೆ ಎಳೆದೆಳೆದು ಎಸೆದರು, ತಡಕಾಡಿ ಗಾಳಿಕಿಂಡಿಗಳನ್ನು ಮುಚ್ಚಿದರು. ನಾನು ಕೂಗಿಕೊಂಡೆ. ಪಕ್ಕದ ಹೊಲದ ಯಜಮಾನರು, ಇನ್ನೂ ನಾಲ್ಕೈದು ಜನ ಕೊಡ ಹಿಡಿದು ಬಂದರು. ಅಷ್ಟರಲ್ಲಿ ಹೆಂಚುಗಳು ಪಟಾರ್ ಪಟಾರ್ ಎಂದು ಸಿಡಿಯತೊಡಗಿದ್ದವು. ಯಜಮಾನರು ದೊಡ್ಡಪ್ಪನ ಸೊಂಟ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಯಾರಿಗೂ ಪೆಟ್ಟಾಗಲಿಲ್ಲ. ಗೋಡೆ ಮಾತ್ರ ಉಳಿಯಿತು.

ಎಲ್ಲ ತಣ್ಣಗಾದ ಮೇಲೆ ಯಜಮಾನರು ಕೇಳಿದರು. “ಎಂಗಾಯ್ತಣ್ಣ? ಲೆಕ್ಕ ಜಿಗಿಲಿಲ್ವಾ?”

ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

“ನಾನೇ ಓದ್ದೆ ಕಣ್ರಪ್ಪ. ಕೂಸು ಅದ್ರ ಕೆಲ್ಸದಲ್ಲಿತ್ತು. ನಂಗೆ ಕಣ್ಣು ಕಾಣಕ್ಕಿಲ್ಲ ಈಗ. ನೂರಾ ನಲವತ್ತು ಅಂತ ಓದ್ಕಂಡೆ, ತಪ್ಪೋಯ್ತು.”

ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೋದರು. ದೊಡ್ಡಪ್ಪ ಅಷ್ಟು ಜೋಪಾನ ಮಾಡಿಕೊಂಡು ಬಂದ ಗುಟ್ಟನ್ನು ನನಗೋಸ್ಕರ ಎಲ್ಲರೆದುರು ಸುರಿದುಬಿಟ್ಟಿದ್ದರು.

ಜಗಲಿಯ ಮೇಲೆ ಅವರ ಕಾಲ ಬಳಿ ಕೂತು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಐವತ್ತು ಕಂಡೆ, ನಲವತ್ತು ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಗೊತ್ತಾಯ್ತು ಬುಡು. ನೀನು ನಲವತ್ತು ಅಂದಾಗ ದನಿ ಬ್ಯಾರೆ ಇತ್ತು. ನಾನೇ ಇನ್ನೊಂದ್ ಸಲ ಕೇಳ್ಬೇಕಿತ್ತು.”

“ನಾನು ಹೋಗಿ ಯಜಮಾನರಿಗೆ ಹೇಳಿ ಬರ್ತೀನಿ ದೊಡ್ಡಪ್ಪ.”

“ಬ್ಯಾಡ. ನಂದು ಮುಗ್ದ ಕಸ್ಬು. ನಿಂದು ನೋಡಿ ಯೋಳೋ ಕಸ್ಬು ಕಣವ್ವ. ಕಂಡಿದ್ದ ಕಂಡಂಗೆ ಯೋಳ್ಲಿಲ್ಲ ಅಂತ ಊರ್ ತುಂಬ ಆದ್ರೆ ನಿನ್ನ ಯಾರು ನಂಬ್ತಾರೆ? ನಿಮ್ ದೊಡ್ಡವ್ವನ ಆಣೆ, ನಾನಿರೋಗಂಟ ಯಾರ್ಗೂ ಅನ್ಕೂಡ್ದು.”

ನಾನು ಆಣೆಗೆ ಒಪ್ಪಿದೆ. ಇಲ್ಲಿ ಸುಳ್ಳು ಬರೆಯಬಾರದು: ಒಳಗೊಳಗೇ ನನಗೆ ಹಗುರವೂ ಆಯಿತು.

ಹಂಗಾಮು ಇನ್ನೂ ಒಂದೂವರೆ ತಿಂಗಳು ಬಾಕಿ ಇತ್ತು. ಸುತ್ತಲಿನ ಬ್ಯಾರನ್ನುಗಳಲ್ಲೆಲ್ಲ ಹೊಗೆ ಏಳುತ್ತಿತ್ತು. ನಾನು ಹುಣಸೂರಿಗೆ ಮರಳಿದ ಮೇಲೂ ಭಾನುವಾರ ಭಾನುವಾರ ಹೋಗುತ್ತಿದ್ದೆ. ದೊಡ್ಡಪ್ಪ ಬೆಳಿಗ್ಗೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ದಾರಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂರುತ್ತಿದ್ದರು. ಕೈ ಮುಗಿದು ಬಿಟ್ಟುಬಿಡುತ್ತೇನೆ ಎಂದು ಅವರು ಹೇಳಿದ್ದು ಬೆಂಕಿ ಇಡುವುದನ್ನು, ಎಲೆ ಮುಟ್ಟುವುದನ್ನಲ್ಲ. ಒಬ್ಬರೂ ಎಲೆ ಹಿಡಿದು ಬರಲಿಲ್ಲ. ಚಪ್ಪಲಿ ಸದ್ದಾದರೆ ಬಲಗೈ ತಾನಾಗಿಯೇ ಮುಂದೆ ಬರುತ್ತಿತ್ತು. ಸದ್ದು ದಾಟಿಹೋದ ಮೇಲೆ ಆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಅಳುತ್ತಿದ್ದೆ.

ಕೆಲಸದಲ್ಲಿ ಮೂರು ಓದಿನ ನಿಯಮ ಈಗಲೂ ಇದೆ. ಅಲ್ಲಿ ಅದು ಸರಿಯಾದ ನಿಯಮವೇ. ಆದರೆ ನಾನು ಬರೆಯುವ ದಿನದ ವರದಿಯಲ್ಲಿ ಒಂದು ಕಾಲಂ ಹೆಚ್ಚಾಗಿದೆ. ನಂಬದೆ ಬಿಟ್ಟ ಒಂಟಿ ಏರಿಕೆಗಳನ್ನೂ ಅದರಲ್ಲಿ ಹಾಗೆ ಹಾಗೆಯೇ ಬರೆದಿಡುತ್ತೇನೆ. ಇದು ಯಾರಿಗೆ ಬೇಕು ಎಂದು ಸಹೋದ್ಯೋಗಿ ಒಮ್ಮೆ ಕೇಳಿದ. ಕಂಡಿದ್ದನ್ನು ಬರೆಯಬೇಕಲ್ಲ ಎಂದೆ. ಆ ಶುಕ್ರವಾರದ ಜ್ವಾಲೆಯ ಚಿತ್ರಗಳನ್ನು ಎಲ್ಲರೂ ಮೆಚ್ಚಿಕೊಂಡರು. ನಾನು ಮತ್ತೆ ತೆರೆದು ನೋಡಿಲ್ಲ.

ದೊಡ್ಡಪ್ಪ ಮುಂದಿನ ವರ್ಷದ ಸೊಪ್ಪಿನ ಕಾಲದಲ್ಲಿ ಹೋದರು. ನಾಲ್ಕು ದಿನದ ಜ್ವರ. ಮಾತು ನಿಲ್ಲುವ ಮುಂಚೆ ನನ್ನ ಕೈ ಹಿಡಿದು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿದರು. ಯಾವ ಎಲೆ ಎಂದುಕೊಂಡರೋ ಕಾಣೆ.

ಹನ್ನೊಂದನೇ ದಿನದ ತಿಥಿಗೆ ಊರೆಲ್ಲ ಬಂದಿತ್ತು. ಎಡೆ ಇಟ್ಟಾಗ, ಪಕ್ಕದ ಹೊಲದ ಯಜಮಾನರು ಅಂಗಿಯೊಳಗಿನಿಂದ ಹದವಾದ ಒಂದು ಹೊಗೆಸೊಪ್ಪಿನ ಎಲೆ ತೆಗೆದು ಎಡೆಯ ಪಕ್ಕ ಇಟ್ಟರು. ಅವರ ಹಿಂದೆ ಇನ್ನೊಬ್ಬರು. ಇನ್ನೊಬ್ಬರು. ಒಂದು ವರ್ಷ ಆ ಜಗಲಿಗೆ ಬಾರದ ಎಲೆಗಳು ಅಲ್ಲಿ ರಾಶಿಯಾದವು. ನನಗೆ ತಡೆಯಲಾಗಲಿಲ್ಲ. ಆಣೆ ಅವರಿರುವ ತನಕ ಮಾತ್ರ. ಯಜಮಾನರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅಂದು ಓದಿದವಳು ನಾನು. ಕಂಡದ್ದನ್ನು ಮುಚ್ಚಿಟ್ಟವಳು ನಾನು. ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂಬ ಗುಟ್ಟು ಹೊರಬಿದ್ದದ್ದೂ ನನ್ನಿಂದಲೇ.

ಅವರು ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡರು.

“ಅಯ್ಯೋ ಕೂಸೇ, ಅದೇನ್ ಗುಟ್ಟವ್ವ? ಆವಯ್ಯಂಗೆ ಕಣ್ಣು ಓಗದೆ ಅಂತ ಊರ್ಗೇ ಗೊತ್ತಿತ್ತು. ಅವ್ನೇನ್ ಕಣ್ಣಲ್ಲಿ ನೋಡಿ ಹದ ಯೋಳ್ತಿದ್ನಾ? ಲೆಕ್ಕ ಓದಕ್ಕೆ ನಿಮ್ ದೊಡ್ಡವ್ವ ಇದ್ಲು, ಆಮ್ಯಾಕೆ ನೀನು ಬಂದೆ. ಒಳ್ಳೇದಾಯ್ತು ಅಂತ ನಾನೇ ಅನ್ನಲಿಲ್ವಾ?”

“ಮತ್ತೆ ಯಾಕೆ ಒಬ್ಬರೂ ಬರಲಿಲ್ಲ?”

“ಅವ್ನೇ ಅಂದ್ನಲ್ಲವ್ವ, ನಾನೇ ಓದ್ದೆ ಅಂತ. ಕಾಣಕ್ಕಿ​ಲ್ಲ ಅಂತ ಗೊತ್ತಿದ್ದೂ, ನೀನು ಪಕ್ಕದಲ್ಲೇ ಇದ್ದೂ, ತಾನೇ ಓದ್ಕಂಡ ಅಂದ್ಮೇಲೆ, ಬುದ್ದಿನೂ ಓಯ್ತು ಇವನ್ದು ಅಂದ್ಕಂಡೊ. ಅಂತೋರ್ ಕೈಗೆ ಎಂಗ್ ಸೊಪ್ಪು ಕೊಡದು?”

ಎಡೆಯ ಕಡೆ ತಿರುಗಿ, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

“ನಾನು ಓದ್ದೆ ಅಂತ ನೀನೊಂದ್ ಮಾತು ಅಂದಿದ್ರೆ ಆಗಿತ್ತಲ್ಲವ್ವ. ಮಾರ್ನೇ ದಿನ್ವೇ ಎಲೆ ಇಡ್ಕಂಡ್ ಬತ್ತಿದ್ದೊ.”